ಸಿಗ್ನಲಿನಲ್ಲಿ ನಡುಗುವ ಕಾರು

ನಮ್ಮ ಮನೆಯ 1988ರ ಮಾಡೆಲ್ ಕಾರಿಗೆ ಒಂದು ವಿಚಿತ್ರ ರೋಗ ಬಂದಿತ್ತು. ಫ್ರೀವೇಯಲ್ಲಿ ಹದವಾಗಿ ಓಡುವುದು. ಎಲ್ ಕಮೀನೋ ರಿಯಲ್ ರಸ್ತೆಯ ಕೆಂಪು ದೀಪದ ಮುಂದೆ ನಿಂತೊಡನೆ ಚಳಿಜ್ವರ ಬಂದವರಂತೆ ಗಡಗಡ ನಡುಗುವುದು. ಅದೂ ಪ್ರತಿದಿನವಲ್ಲ. ಮೆಕ್ಯಾನಿಕ್ಕಿನ ಅಂಗಳಕ್ಕೆ ಹೋದರಂತೂ, ಡಾಕ್ಟರನ್ನು ಕಂಡೊಡನೆ ಹೊಟ್ಟೆನೋವು ಮರೆಯುವ ಸ್ಕೂಲು ಹುಡುಗನಂತೆ, ಏನೂ ಇಲ್ಲ!

ಉದಾಸೀನ ಮಾಡಿದೆವು. ಒಂದು ಸಂಜೆ ಸನಿವೇಲಿನಲ್ಲಿ ಎಡಕ್ಕೆ ತಿರುಗುವಾಗ ಕಾರು ಚೌಕದ ಮಧ್ಯಕ್ಕೆ ಬಂದು ಆರಿಹೋಯಿತು. ಎಂಜಿನ್ ಆರಿದರೆ ಪವರ್ ಸ್ಟಿಯರಿಂಗು ಕಲ್ಲಿನಂತೆ ಬಿಗಿಯುತ್ತದೆ. ಪಕ್ಕದಲ್ಲಿ ಊರಿನಿಂದ ಬಂದಿದ್ದ ಅಮ್ಮ, ಎದುರಿಗೆ ಹಾರನ್ ಬಾರಿಸುವ ಟ್ರಕ್ಕು. ಮುಂದಿನ ತಿಂಗಳಿಂದ ಮಗಳು ಇದೇ ಕಾರಿನಲ್ಲಿ ಕಾಲೇಜಿಗೆ ಹೋಗುವವಳು. ಆ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ.

ಮೆಕ್ಯಾನಿಕ್ ಮಹಾಶಯರು ಸ್ಪಾರ್ಕ್ ಪ್ಲಗ್, ವಯರು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲವನ್ನೂ ಬದಲಾಯಿಸಿದರು. ಅದು ತಪ್ಪೇನಲ್ಲ. ಹಳೆಯ ವಯರಿನ ಸಿಪ್ಪೆ ಸೀಳಿದ್ದರೆ ಇಲ್ಲಿಯ ಬೆಳಗಿನ ಮಂಜಿಗೆ ವಿದ್ಯುತ್ತು ಸೋರುವುದುಂಟು. ಆದರೆ ಅಂಥ ನಡುಕ ಸಾಮಾನ್ಯವಾಗಿ ತೇವದಲ್ಲಿ ಹೆಚ್ಚಿ, ಎಂಜಿನ್ ಕಾದು ಒಣಗಿದ ಮೇಲೆ ತಗ್ಗುತ್ತದೆ. ನಮ್ಮದು ತದ್ವಿರುದ್ಧ. ಇದು ನನಗೆ ಹೊಳೆದದ್ದು ಒಂದು ನೋಟುಪುಸ್ತಕದಿಂದ. ಎರಡು ವಾರ ನಡುಗಿದಾಗಲೆಲ್ಲ ಬರೆದಿಟ್ಟೆ: ಎಂಜಿನ್ ಬಿಸಿಯೋ ತಣ್ಣಗೋ, ಗೇರು ಎಲ್ಲಿತ್ತು, ಏರ್ ಕಂಡೀಷನರ್ ಓಡುತ್ತಿತ್ತೇ ಎಂದು. ನೋಡಿದರೆ ಅಷ್ಟೂ ಸಲ ಎಂಜಿನ್ ಬಿಸಿ, ಗೇರು ಡ್ರೈವ್‌ನಲ್ಲಿ, ಕಾಲು ಬ್ರೇಕಿನ ಮೇಲೆ. ಪಾರ್ಕ್‌ನಲ್ಲಿ ಒಮ್ಮೆಯೂ ಇಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ ಪರೀಕ್ಷಿಸುತ್ತಿದ್ದುದು ಪಾರ್ಕ್‌ನಲ್ಲೇ!

ಸುಳಿವು ಕೊಟ್ಟವರು ಅಮ್ಮ. "ಏನೋ ಅದು, ಪಂಪ್ ಸ್ಟೋವಿನ ವಾಷರ್ ಹೋದ ಹಾಗೆ ಸುಸ್ಸೆನ್ನುತ್ತೆ?" ಎಂದರು ಒಂದು ದಿನ ಸಿಗ್ನಲಿನಲ್ಲಿ.

ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆದು, ಅದಕ್ಕೆ ತಕ್ಕಷ್ಟೇ ಪೆಟ್ರೋಲು ಬಿಡುವುದು ಇಂಥ ಕಾರಿನ ಕ್ರಮ. ನಡುವೆ ಎಲ್ಲಾದರೂ ಬಿರುಕಿದ್ದರೆ ಅಳತೆಗೆ ಸಿಗದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ವೇಗದಲ್ಲಿ ಓಡುವಾಗ ಒಳಹೋಗುವ ಗಾಳಿಯೇ ಅಪಾರ, ಕಳ್ಳಗಾಳಿ ಲೆಕ್ಕಕ್ಕಿಲ್ಲ. ನಿಂತಾಗ ಬಾಗಿಲು ಹೆಚ್ಚುಕಡಿಮೆ ಮುಚ್ಚಿ ಒಳಗಿನ ಸೆಳೆತ ಹೆಚ್ಚಿರುತ್ತದೆ. ಆಗ ಅದೇ ಸಣ್ಣ ಸೋರಿಕೆ ದೊಡ್ಡದಾಗುತ್ತದೆ.

ಮಗಳನ್ನು ಒಳಗೆ ಕೂರಿಸಿ, ಚಕ್ರಗಳಿಗೆ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಸಿ, ಬ್ರೇಕನ್ನು ಬಲವಾಗಿ ಒತ್ತಿಸಿ ಡ್ರೈವ್‌ಗೆ ಹಾಕಿಸಿದೆ. ನಾನು ಪಕ್ಕದಲ್ಲಿ ನಿಂತೆ. ಇಂಥ ಹೊತ್ತಿನಲ್ಲಿ ಕಾರಿನ ಮುಂದೆ ನಿಲ್ಲಲೇಬಾರದು. ಮುಚ್ಚಿದ ಗ್ಯಾರೇಜಿನಲ್ಲಂತೂ ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಕೆಲವರು ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಚಿಮುಕಿಸುತ್ತಾರೆ. ಬೆಂಕಿ ಹತ್ತಿದರೆ ಕಾರೂ ಹೋಯಿತು, ಹುಬ್ಬೂ ಹೋಯಿತು. ನಾನು ತೆಗೆದುಕೊಂಡದ್ದು ಗಿಡಕ್ಕೆ ನೀರು ಹಾಕುವ ರಬ್ಬರ್ ಕೊಳವೆಯ ಎರಡಡಿ ತುಂಡು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಬೆಲ್ಟು, ಫ್ಯಾನುಗಳಿಂದ ದೂರವಾಗಿ ಕೊಳವೆಗಳ ಉದ್ದಕ್ಕೂ.

ಡ್ರೈವ್‌ಗೆ ಬಿದ್ದೊಡನೆ ಎಂಜಿನ್ ಒಂದು ಬದಿಗೆ ವಾಲಿತು. ಪಿಸಿವಿ ಕವಾಟದಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುವ ಕೊಳವೆಯ ಬಳಿ ಸುಸ್! ಎಣ್ಣೆಯ ಆವಿಯಿಂದ ಮೆತ್ತಗಾಗಿದ್ದ ಮೊಣಕೈ ತಿರುವಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಬೆರಳುಗುರಿನಷ್ಟು ಸೀಳು. ಪಾರ್ಕ್‌ನಲ್ಲಿ ತುಟಿ ಮುಚ್ಚಿಕೊಳ್ಳುವುದು; ಎಂಜಿನ್ ವಾಲಿದಾಗ ತೆರೆದುಕೊಳ್ಳುವುದು. ಎಂಜಿನ್ ಕೂರುವ ರಬ್ಬರ್ ಮೌಂಟೂ ಸವೆದು ವಾಲುವಿಕೆ ಹೆಚ್ಚಾಗಿತ್ತು, ಅದನ್ನೂ ಬದಲಾಯಿಸಿಸಿದೆ.

ಕೊಳವೆ ಕೊಳ್ಳುವಾಗ ಎಣ್ಣೆ ತಡೆಯುವಂಥದ್ದೇ ಬೇಕೆಂದು ಕೇಳಿ. ಹೀಟರಿನ ನೀರಿನ ಕೊಳವೆ ನಡೆಯದು. ಪಿಸಿವಿ ಕವಾಟವನ್ನು ಕಳಚಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದಾಗಬೇಕು, ಆಗದಿದ್ದರೆ ಅದನ್ನೂ ಬದಲಿಸಿ.

ಕ್ಯಾಲಿಫೋರ್ನಿಯದಲ್ಲಿ 1984ರಲ್ಲಿ ಆರಂಭವಾದ ಸ್ಮಾಗ್ ಚೆಕ್ ನಮ್ಮ ಕಾರಿಗೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಉರಿಯದೆ ಹೊರಬೀಳುವ ಪೆಟ್ರೋಲು ಅಲ್ಲಿ ಹೈಡ್ರೋಕಾರ್ಬನ್ ಲೆಕ್ಕದಲ್ಲಿ ಸಿಕ್ಕಿಬೀಳುವುದರಿಂದ ಹೆದರಿದ್ದೆವು. ಈ ಸಲ ಪಾಸಾಯಿತು. ಸೀಳಿದ ಕೊಳವೆ ನಮ್ಮ ಗ್ಯಾರೇಜಿನಲ್ಲೇ ಇದೆ. ನೋಡಬೇಕೆನ್ನುವ ಮಿತ್ರರು ಬರಬಹುದು, ಕಾಫಿಯೂ ಉಂಟು.