ದ್ಯೂತದಲ್ಲಿ ಸಾಕ್ಷಿ: ಅಂತರ್ಜಾಲದ ಪೋಕರ್ ಆಟವನ್ನು ಕುರಿತ ಒಂದು ವಿಚಾರ

ಯುಗಾದಿಯ ದಿನಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳಿಗೆ ಹೋದವರಿಗೆ ಅರಳಿಕಟ್ಟೆಯ ಮೇಲೋ ತೋಪಿನ ನೆರಳಿನಲ್ಲೋ ಇಸ್ಪೀಟಿನ ಗುಂಪು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಅಲ್ಲಿಯ ಒಂದು ಪದ್ಧತಿ ಗಮನಾರ್ಹವಾದುದು. ಒಬ್ಬನು ಎಲೆಗಳನ್ನು ಕಲಸುತ್ತಾನೆ. ಮತ್ತೊಬ್ಬನು ಕಟ್ಟನ್ನು ಕತ್ತರಿಸಿ ಕೊಡುತ್ತಾನೆ. ಸುತ್ತ ನಿಂತವರು ಅವರ ಮುಖವನ್ನಲ್ಲ, ಕೈಗಳನ್ನು ನೋಡುತ್ತಿರುತ್ತಾರೆ. ಕೈಚಳಕ ತೋರಿದವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಮರುವರ್ಷ ಅವನಿಗೆ ಆ ಕಟ್ಟೆಯ ಮೇಲೆ ಸ್ಥಳವಿರುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಆಟ ಕಟ್ಟೆಯಿಂದಿಳಿದು ಅಂಗೈಯ ಮೊಬೈಲಿಗೆ ಬಂದಿತು. ಶುಲ್ಕಕ್ಕೆಂದು ಮನೆಯವರು ಕೊಟ್ಟ ಹಣವನ್ನು ಪೋಕರ್ ಆಟದಲ್ಲಿ ಕಳೆದುಕೊಂಡ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದು, "ಸಾರ್, ನಾನು ಸೋತೆನೋ, ನನ್ನನ್ನು ಸೋಲಿಸಿದರೋ?" ಎಂದು ಕೇಳಿದನು. ಪ್ರಶ್ನೆ ಸರಳವಾದುದು, ಉತ್ತರ ಸುಲಭವಾದುದಲ್ಲ. ಇತಿಹಾಸದ ಅಭ್ಯಾಸಿಗಳಾಗಿ ಈ ಪ್ರಶ್ನೆಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ನ್ಯಾಯಾಲಯಗಳು ಜೂಜಿನ ವಿಷಯದಲ್ಲಿ ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆ ಬೇರೆ: ಈ ಆಟ ಕೌಶಲದ್ದೋ, ಅದೃಷ್ಟದ್ದೋ? 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿ ಆಟದಲ್ಲಿ ಕೌಶಲವೇ ಪ್ರಧಾನವೆಂದು ಹೇಳಿತು. 1963ರ ಪೊಲೀಸ್ ಕಾಯ್ದೆಗೆ ಕರ್ನಾಟಕ ಸರ್ಕಾರವು ತಂದ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂದು, ಹಣವನ್ನೊಡ್ಡಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯವು, ಕೌಶಲದ ಆಟವನ್ನು ಜೂಜಿನೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಅನಂತರ ಸಂಸತ್ತು ರಚಿಸಿದ ಕಾಯ್ದೆಯೊಂದು 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. ಅದು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು, ಹಣದ ಆಟವನ್ನು ನಡೆಸುವವರಿಗೆ 3 ವರ್ಷಗಳವರೆಗೆ ಸೆರೆವಾಸವನ್ನೂ 1 ಕೋಟಿ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿತು. ಆಡುವವನನ್ನು ಶಿಕ್ಷೆಗೆ ಗುರಿಮಾಡಲಿಲ್ಲ.

ಈ ವಾದಪರಂಪರೆಯಲ್ಲಿ ಹಿಂದೆ ಸರಿದುಹೋದ ಪ್ರಶ್ನೆ ಒಂದುಂಟು: ಎಲೆಗಳನ್ನು ಕಲಸುವವನು ಯಾರು, ಅವನನ್ನು ನೋಡುವವರು ಯಾರು? ಆಟ ಎಷ್ಟೇ ಕೌಶಲದ್ದಾಗಿರಲಿ, ಕಲಸುವ ಕೈ ಕಳ್ಳಕೈಯಾದರೆ ಕೌಶಲವಿದ್ದೂ ಫಲವಿಲ್ಲ.

ಪ್ರಾಚೀನರು ಈ ಪ್ರಶ್ನೆಯನ್ನು ಮರೆತಿರಲಿಲ್ಲ. ದ್ಯೂತವನ್ನು ರಾಜ್ಯದಿಂದ ನಿರ್ಮೂಲ ಮಾಡಬೇಕೆಂಬುದು ಮನುವಿನ ಮತ. ಯಾಜ್ಞವಲ್ಕ್ಯನ ಮತ ಬೇರೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಅದನ್ನು ವಿವರಿಸಿದ್ದಾನೆ. ಅದರ ಸಾರಾಂಶವಿಷ್ಟು: ಜೂಜುಕಟ್ಟೆಗೆ ಸಭಿಕನೆಂಬ ಒಡೆಯನಿರಬೇಕು, ಅವನು ಗೆದ್ದವರಿಂದ ಗೊತ್ತಾದ ಪಾಲನ್ನು ಪಡೆದು, ಅದರಲ್ಲಿ ರಾಜನ ಭಾಗವನ್ನು ಸಲ್ಲಿಸಬೇಕು, ಸೋತವನಿಂದ ಹಣವನ್ನು ವಸೂಲು ಮಾಡಿ ಗೆದ್ದವನಿಗೆ ಕೊಡಿಸಬೇಕು. ಸಭಿಕನಿರುವ ಪ್ರಸಿದ್ಧ ಸ್ಥಳದಲ್ಲಿ ನಡೆದ ಆಟಕ್ಕೆ ಮಾತ್ರ ರಾಜನ ಆಸರೆಯುಂಟು. ಗುಟ್ಟಾಗಿ ಆಡಿದ್ದಕ್ಕೆ ಇಲ್ಲ. ವ್ಯಾಜ್ಯ ಬಂದರೆ ಆಟಗಾರರೇ ಸಾಕ್ಷಿಗಳು, ಅವರೇ ನಿರ್ಣಾಯಕರು. ಕೃತ್ರಿಮ ದಾಳದಿಂದ ಆಡಿದವನಿಗೆ ಗುರುತು ಹಾಕಿ ಗಡೀಪಾರು ಮಾಡಬೇಕು. ಇಲ್ಲಿ ಗಮನಿಸಬೇಕಾದುದು ಶಿಕ್ಷೆಯ ಕಾಠಿಣ್ಯವನ್ನಲ್ಲ, ವ್ಯವಸ್ಥೆಯ ತಳಹದಿಯನ್ನು. ಆ ತಳಹದಿ ಸಾಕ್ಷಿ. ಆಟವು ಬಯಲಿನಲ್ಲಿ ನಡೆದುದರಿಂದಲೇ ಆಟಗಾರನು ಸಾಕ್ಷಿಯಾಗಬಲ್ಲವನಾಗಿದ್ದನು.

ಕಣ್ಣಿಗೆ ಕಾಣದ ಸಭಿಕನು ನಮ್ಮ ನಾಡಿಗೆ ಅಂತರ್ಜಾಲದೊಡನೆಯೇ ಬಂದವನೆಂದು ತಿಳಿಯಬಾರದು. 1950ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ನೋಂದಾಯಿತವಾದ ಕಂಪೆನಿಯೊಂದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆಯ ಮೂಲಕ ಆರ್.ಎಂ.ಡಿ.ಸಿ. ಪದಬಂಧ ಸ್ಪರ್ಧೆಯನ್ನು ನಡೆಸುತ್ತಿತ್ತು. ಪ್ರವೇಶಧನವನ್ನು ತೆತ್ತು ಮುಂಬಯಿ ಪ್ರಾಂತದವರೂ ಅದರಲ್ಲಿ ಭಾಗವಹಿಸುತ್ತಿದ್ದರು. ಪದ ಅರ್ಥಕ್ಕೆ ಒಪ್ಪುತ್ತದೆಯೇ ಎಂಬುದು ಅಲ್ಲಿ ಮುಖ್ಯವಾಗಿರಲಿಲ್ಲ. ಮೊದಲೇ ಗೊತ್ತುಮಾಡಿ ಮುದ್ರೆಯೊತ್ತಿ ಇಟ್ಟಿದ್ದ ಉತ್ತರಕ್ಕೆ ಹೊಂದಿದರೆ ಗೆಲವು, ಇಲ್ಲವಾದರೆ ಸೋಲು. 1957ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯವು ಇದು ಜೂಜೇ ಸರಿ, ಜೂಜಿಗೆ ವ್ಯಾಪಾರವೆಂಬ ಸಾಂವಿಧಾನಿಕ ರಕ್ಷಣೆ ಇಲ್ಲ ಎಂದು ತೀರ್ಪಿತ್ತಿತು. ದೂರದ ಊರಿನ ಲಕೋಟೆಯೊಳಗಿನ ಉತ್ತರವನ್ನು ನಂಬಿ ಹಣ ಕಳುಹಿಸಿದವನಿಗೂ ಪರದೇಶದ ಯಂತ್ರವನ್ನು ನಂಬಿ ಹಣ ಕಳುಹಿಸುವವನಿಗೂ ಸ್ಥಿತಿಯಲ್ಲಿ ಹೆಚ್ಚಿನ ಭೇದವಿಲ್ಲ.

ಇನ್ನು ಯಂತ್ರದ ವಿಚಾರ. ಪೋಕರಿನ ಪ್ರಚಲಿತ ರೂಪವೊಂದರಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತವಾದ ಎಲೆಗಳು ಬರುತ್ತವೆ. ಮೇಜಿನ ಮೇಲೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಬಿಚ್ಚಲಾಗುತ್ತದೆ. ಎದುರಾಳಿಯ ಎರಡು ಎಲೆಗಳನ್ನು ಬಲ್ಲವನಿಗೆ ಸೋಲು ಬಹಳ ಕಷ್ಟ. ಐವತ್ತೆರಡು ಎಲೆಗಳ ಕಟ್ಟನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ, 8ರ ಮುಂದೆ 67 ಸೊನ್ನೆಗಳನ್ನು ಬರೆದಷ್ಟು. 1999ರಲ್ಲಿ ಅಮೆರಿಕದ ಕೆಲವು ತಂತ್ರಜ್ಞರು ಅಂದಿನ ಪೋಕರ್ ತಾಣವೊಂದರ ಕಲಸುವ ವಿಧಾನವನ್ನು ಪರೀಕ್ಷಿಸಿದಾಗ, ಆ ಯಂತ್ರವು ಹೆಚ್ಚೆಂದರೆ ಸುಮಾರು 429 ಕೋಟಿ ಕ್ರಮಗಳನ್ನು ಮಾತ್ರ ಉತ್ಪಾದಿಸಬಲ್ಲುದೆಂದು ಕಂಡುಬಂದಿತು. ಅದು ಗಡಿಯಾರದ ವೇಳೆಯನ್ನು ಆಧರಿಸಿ ಕಲಸುತ್ತಿದ್ದುದರಿಂದ, ವೇಳೆಯನ್ನು ಸರಿಹೊಂದಿಸಿಕೊಂಡವನು ಪರಿಶೀಲಿಸಬೇಕಾದ ಕ್ರಮಗಳು ಸುಮಾರು 2 ಲಕ್ಷಕ್ಕೆ ಇಳಿಯುತ್ತಿದ್ದುವು. ತನ್ನ ಎರಡು ಎಲೆಗಳೂ ಮೇಜಿನ ಮೊದಲ ಮೂರು ಎಲೆಗಳೂ ತಿಳಿದರೆ ಉಳಿದವರ ಎಲೆಗಳೆಲ್ಲವೂ ತಿಳಿದಂತೆಯೇ. ಈ ದೋಷ ಹೊರಬಿದ್ದುದಾದರೂ ಹೇಗೆ? ತಯಾರಕರು ತಮ್ಮ ಪ್ರಾಮಾಣಿಕತೆಯನ್ನು ತೋರಿಸಲೆಂದು ವಿಧಾನವನ್ನು ತಾವೇ ಬಹಿರಂಗಪಡಿಸಿದ್ದರು. ಬಯಲಿಗಿಟ್ಟುದರಿಂದ ತಪ್ಪು ಸಿಕ್ಕಿತು.

ಎರಡನೆಯ ನಿದರ್ಶನ ಇದಕ್ಕಿಂತ ಗಂಭೀರವಾದುದು. 2007ರಲ್ಲಿ ಆಬ್ಸಲ್ಯೂಟ್ ಪೋಕರ್ ಎಂಬ ತಾಣದಲ್ಲಿ ಒಳಗಿನವರ ನೆರವಿನಿಂದ ಎಲ್ಲರ ಗುಪ್ತ ಎಲೆಗಳನ್ನೂ ನೋಡಬಲ್ಲ ಖಾತೆಯೊಂದು ಆಡುತ್ತಿದ್ದುದು ಬಯಲಾಯಿತು. ಸೋತ ಆಟಗಾರನೊಬ್ಬನು ಪಂದ್ಯದ ವಿವರವನ್ನು ಕೇಳಿದಾಗ, ಕೊಡಬಾರದಷ್ಟು ವಿವರವುಳ್ಳ ಕಡತವೊಂದು ಅವನ ಕೈಸೇರಿತು. ಆಟಗಾರರೇ ಕೂಡಿ ಅದನ್ನು ಶೋಧಿಸಿದರು. ಮರುವರ್ಷ ಅಲ್ಟಿಮೇಟ್‌ಬೆಟ್ ಎಂಬ ಸೋದರ ತಾಣದಲ್ಲಿಯೂ ಇಂತಹುದೇ ವಂಚನೆ ಸಿದ್ಧವಾಗಿ, 2 ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಆಟಗಾರರಿಗೆ ಹಿಂದಿರುಗಿಸಬೇಕಾಯಿತು. ಎರಡು ತಾಣಗಳಿಗೂ ಕೆನಡದ ಮಂಡಳಿಯೊಂದರ ಪರವಾನೆ ಇದ್ದಿತು. ಪರವಾನೆಯ ಫಲಕ ತೂಗಿದ ಮಾತ್ರಕ್ಕೆ ಮೋಸ ನಿಲ್ಲದೆಂದೂ, ಕೇಳುವ ಅಧಿಕಾರಿಯೊಬ್ಬನಿದ್ದರೆ ಹಣ ಮರಳುವ ದಾರಿಯಾದರೂ ಇರುತ್ತದೆಂದೂ ಇದರಿಂದ ತಿಳಿಯುತ್ತದೆ.

ಹಾಗೆಂದು ಪ್ರತಿಯೊಂದು ಸೋಲನ್ನೂ ಮೋಸವೆಂದು ಎಣಿಸುವುದು ಶಾಸ್ತ್ರೀಯವಲ್ಲ. ಪೋಕರಿನಲ್ಲಿ ಎರಡು ಎಕ್ಕಗಳನ್ನು ಹಿಡಿದವನು ಎರಡು ರಾಜರನ್ನು ಹಿಡಿದವನ ಮುಂದೆ ನೂರಕ್ಕೆ ಸುಮಾರು 18 ಬಾರಿ ಸೋಲುವುದು ಸಹಜ. ಮೂರು ಬಾರಿ ಒಂದೇ ಸಮನೆ ಸೋಲುವ ಸಂಭವ ಸಾವಿರಕ್ಕೆ ಸುಮಾರು 6. ಸಾವಿರ ಜನರಿಗೆ ಇಂತಹ ಪಂದ್ಯ ಮೂರು ಬಾರಿ ಒದಗಿದರೆ, ಯಾರ ಮೋಸವೂ ಇಲ್ಲದೆ ಆರು ಮಂದಿ ತಮ್ಮನ್ನು ಸುಲಿದರೆಂದು ಪ್ರಮಾಣ ಮಾಡಿ ಹೇಳಿಯಾರು. ಇದಲ್ಲದೆ ತಾಣದ ಒಡೆಯನು ಪಂದ್ಯದ ಹಣದಲ್ಲಿ ತನ್ನ ಪಾಲನ್ನು ಮುರಿದುಕೊಳ್ಳುವುದರಿಂದ, ನ್ಯಾಯವಾದ ಆಟದಲ್ಲಿಯೂ ಆಟಗಾರರ ಒಟ್ಟು ಹಣ ಕರಗುತ್ತಲೇ ಹೋಗುತ್ತದೆ. ಸಾವಿರಾರು ಪಂದ್ಯಗಳ ಪೂರ್ಣ ದಾಖಲೆ ಇಲ್ಲದೆ ದುರದೃಷ್ಟವನ್ನೂ ದ್ರೋಹವನ್ನೂ ಬೇರ್ಪಡಿಸಲಾಗದು; ಆ ದಾಖಲೆ ಇರುವುದು ಸಂಶಯಕ್ಕೆ ಗುರಿಯಾದವನ ಕೈಯಲ್ಲಿಯೇ. ಇದು ಆಪಾದಿತನ ಲೆಕ್ಕದ ಪುಸ್ತಕವನ್ನು ನಂಬಿ ಆಪಾದಿತನನ್ನೇ ವಿಚಾರಿಸಿದಂತೆ.

ನಂಬಿಕೆಯನ್ನು ವ್ಯಕ್ತಿಯ ಮೇಲಿಡದೆ ವ್ಯವಸ್ಥೆಯ ಮೇಲಿಡುವುದೆಂದರೇನೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಉದಾಹರಣೆಯುಂಟು. ದನದ ಜಾತ್ರೆಗಳಲ್ಲಿ ದಲ್ಲಾಳಿಯು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ರೂಢಿಯನ್ನು ಬಲ್ಲವರು ಬಲ್ಲರು. ಅಲ್ಲಿ ಮಾರುವವನಿಗೆ ತಿಳಿದ ಬೆಲೆ ಪಕ್ಕದವನಿಗೆ ತಿಳಿಯದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಕ್ರಮ ಇದಕ್ಕೆ ವಿರುದ್ಧವಾದುದು. 1959ರ ಕಾಯ್ದೆಯು ಗೂಡಿನ ಮಾರಾಟವನ್ನು ಪರವಾನೆಯುಳ್ಳ ಮಾರುಕಟ್ಟೆಯ ಕಟ್ಟಿಗೆ ಒಳಪಡಿಸಿತು. ಕನಕಪುರದ ರೈತನಾಗಲಿ ಮಾಗಡಿಯ ರೈತನಾಗಲಿ ತನ್ನ ಗೂಡನ್ನು ಎಲ್ಲರ ಕಣ್ಣೆದುರಿಗೆ ಸುರಿಯುತ್ತಾನೆ. ನೂಲು ಬಿಚ್ಚಣಿಕೆದಾರರು ಮುಟ್ಟಿ ನೋಡಿ ಹರಾಜು ಕೂಗುತ್ತಾರೆ. ತೂಕ ಮಾರುಕಟ್ಟೆಯ ತಕ್ಕಡಿಯಲ್ಲಿ ಆಗುತ್ತದೆ. ಈಗ ಹರಾಜು ವಿದ್ಯುನ್ಮಾನ ಯಂತ್ರಕ್ಕೆ ಬಂದಿದ್ದರೂ ಗೂಡು ಕಣ್ಣೆದುರಿಗಿದೆ, ತಕ್ಕಡಿ ಕಣ್ಣೆದುರಿಗಿದೆ, ದೂರು ಕೇಳುವ ಅಧಿಕಾರಿ ಅದೇ ಕಟ್ಟಡದಲ್ಲಿದ್ದಾನೆ. ಯಂತ್ರ ಬಂದುದು ದೋಷವಲ್ಲ. ಸಾಕ್ಷಿ ಹೋದುದು ದೋಷ.

2025ರ ಕಾಯ್ದೆಯ ಅನಂತರ ದೇಶದ ಪ್ರಮುಖ ಸಂಸ್ಥೆಗಳು ಹಣದ ಆಟಗಳನ್ನು ನಿಲ್ಲಿಸಿದುವು. ಆದರೂ ಆಡಬಯಸುವವನಿಗೆ ಉಳಿದುದು ನಮ್ಮ ಕಾನೂನಿನ ಕೈಗೆ ಎಟುಕದ ಪರದೇಶದ ತಾಣಗಳು. ಅಲ್ಲಿ ಎಲೆ ಕಲಸಿದುದನ್ನು ನೋಡಿದವರಿಲ್ಲ. ಗೆದ್ದ ಹಣವನ್ನು ಕೊಡದಿದ್ದರೆ ಕೊಡಿಸುವವರಿಲ್ಲ. ಪಂದ್ಯದ ಕರಾರನ್ನು 1872ರ ಕರಾರು ಕಾಯ್ದೆಯ 30ನೆಯ ಪ್ರಕರಣವು ಅನೂರ್ಜಿತವೆಂದು ಸಾರಿರುವುದರಿಂದ ದಾವೆ ಹೂಡಲೂ ಆಸ್ಪದವಿಲ್ಲ. ಗುಟ್ಟಿನ ಕಟ್ಟೆಯಲ್ಲಿ ಆಡಿದವನಿಗೆ ರಾಜನ ಆಸರೆಯಿಲ್ಲವೆಂಬ ಯಾಜ್ಞವಲ್ಕ್ಯನ ನಿಯಮ ಹೀಗೆ ಬೇರೊಂದು ದಾರಿಯಿಂದ ಮರಳಿ ಬಂದಿದೆ.

ನಿಷೇಧವು ಲೇಸೋ, ನಿಯಂತ್ರಣವು ಲೇಸೋ ಎಂಬ ಚರ್ಚೆ ಮನು ಯಾಜ್ಞವಲ್ಕ್ಯರಷ್ಟು ಹಳೆಯದು. ಅದನ್ನು ಇಲ್ಲಿ ತೀರ್ಮಾನಿಸಲು ನಾವು ತೊಡಗುವುದಿಲ್ಲ. ಆ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರವನ್ನು ಮಾತ್ರ ಹೇಳಿ ಮುಗಿಸುತ್ತೇವೆ. ಸೋತೆಯೋ, ಸೋಲಿಸಿದರೋ ಎಂಬುದನ್ನು ನಾವು ಅರಿಯೆವು, ನೀನೂ ಅರಿಯಲಾರೆ, ಅರಿಯುವ ದಾರಿಯನ್ನು ಆ ತಾಣದವರು ಇಟ್ಟಿಲ್ಲ. ಕೈ ಕಾಣದ ಕಡೆ ಕಾಸು ಇಡಬಾರದೆಂಬ ವಿವೇಕ ಅರಳಿಕಟ್ಟೆಯ ಓದುಬರಹವಿಲ್ಲದ ಆಟಗಾರನಿಗಿತ್ತು. ಪದವಿಗೆ ಓದುತ್ತಿರುವ ನಮ್ಮ ಹುಡುಗರಿಗೂ ಆ ವಿವೇಕ ಇರಲೆಂಬುದೇ ನಮ್ಮ ಆಶಯ.