ಐದು ಲೀಟರ್ ಕೊಬ್ಬಿನ ಲೆಕ್ಕ

ಲೈಪೋಸಕ್ಷನ್‌ನಲ್ಲಿ ಒಂದು ಸಲಕ್ಕೆ 5 ಲೀಟರ್‌ಗಿಂತ ಹೆಚ್ಚು ಹೀರಿ ತೆಗೆದರೆ ಅಪಾಯ ಏರುತ್ತದೆ ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ ಎಚ್ಚರಿಸುತ್ತದೆ. ಒಂದು ಲೀಟರ್ ಕೊಬ್ಬು ಸುಮಾರು 900 ಗ್ರಾಂ ತೂಗುತ್ತದೆ. ಹೀರಿದ್ದೆಲ್ಲ ಕೊಬ್ಬೇ ಎಂದಿಟ್ಟುಕೊಂಡರೂ ಇಳಿಯುವುದು ನಾಲ್ಕೂವರೆ ಕಿಲೋ. ಚಿಕಿತ್ಸೆಗೆ ಮೊದಲು ಚುಚ್ಚಿ ತುಂಬಿದ ದ್ರಾವಣ ಮತ್ತು ರಕ್ತವೂ ಅದರಲ್ಲಿ ಬೆರೆತಿರುತ್ತದೆ, ಹಾಗಾಗಿ ನಿಜವಾಗಿ ಹೋಗುವ ಕೊಬ್ಬು ಇನ್ನೂ ಕಡಿಮೆ. ತೂಕ ಇಳಿಸಲು ಇದು ದಾರಿಯಲ್ಲ ಎಂದು ಸರ್ಜನ್‌ಗಳೇ ಹೇಳುತ್ತಾರೆ. ಜಾಹೀರಾತಿನ 'ಮೊದಲು–ಆಮೇಲೆ' ಚಿತ್ರಗಳು ಇದನ್ನು ಹೇಳುವುದಿಲ್ಲ.

ಈ ಕೆಲವು ಕಿಲೋಗಳಿಗಾಗಿ ಎಷ್ಟು ಜನ ಮೇಜಿನ ಮೇಲೆ ಮಲಗುತ್ತಾರೆ? ಸೌಂದರ್ಯ ಪ್ಲಾಸ್ಟಿಕ್ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘದ 2023ರ ಸಮೀಕ್ಷೆಯ ಪ್ರಕಾರ ಜಗತ್ತಿನಲ್ಲಿ ಆ ವರ್ಷ ಸುಮಾರು 3.49 ಕೋಟಿ ಸೌಂದರ್ಯ ಚಿಕಿತ್ಸೆಗಳು ನಡೆದಿವೆ. ಅದರಲ್ಲಿ 1.58 ಕೋಟಿ ಶಸ್ತ್ರಚಿಕಿತ್ಸೆ, ಉಳಿದವು ಸೂಜಿ, ಲೇಸರ್ ಇತ್ಯಾದಿ. ಲೈಪೋಸಕ್ಷನ್ ಒಂದೇ 22 ಲಕ್ಷ ದಾಟಿತ್ತು. ಅಂದರೆ ದಿನಕ್ಕೆ 6,000.

ಅಪಾಯದ ಅಂಕಿಯೂ ಇದೆ. 1994ರಿಂದ 1998ರವರೆಗಿನ ಲೈಪೋಸಕ್ಷನ್‌ಗಳ ಬಗ್ಗೆ ಅಮೆರಿಕದಲ್ಲಿ ಸರ್ಜನ್‌ಗಳನ್ನೇ ವಿಚಾರಿಸಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 4,96,245 ಶಸ್ತ್ರಚಿಕಿತ್ಸೆಗಳಿಗೆ 95 ಸಾವು, ಸುಮಾರು 5,200ಕ್ಕೆ ಒಂದು. ಅತಿ ಹೆಚ್ಚು ಸಾವಿಗೆ ಕಾರಣ ಶ್ವಾಸಕೋಶಕ್ಕೆ ಹೋಗಿ ಕೂತ ರಕ್ತದ ಹೆಪ್ಪು. ಲೆಕ್ಕ ಹಳೆಯದು, ವಿಧಾನಗಳು ಸುಧಾರಿಸಿವೆ, ನಿಜ. ಆದರೂ 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕನ್ನಡ ಕಿರುತೆರೆ ನಟಿ ಬದುಕಿ ಮನೆಗೆ ಮರಳಲಿಲ್ಲ. ಯಾವ ಕಾಯಿಲೆಯೂ ಇಲ್ಲದ ದೇಹದ ಮೇಲೆ ನಡೆಯುವ ಚಿಕಿತ್ಸೆಯಲ್ಲಿ ಐದು ಸಾವಿರಕ್ಕೆ ಒಂದು ಸಾವನ್ನೂ ನಾನು ಸಣ್ಣದೆನ್ನಲಾರೆ.

ಇನ್ನು ದುಡ್ಡು. ಹುಟ್ಟಿನಿಂದ ಸೀಳಿದ ತುಟಿ, ಸುಟ್ಟ ಚರ್ಮ, ಅಪಘಾತದಲ್ಲಿ ಜಜ್ಜಿದ ಮೂಗು ಸರಿಪಡಿಸಿದರೆ ಜಿಎಸ್‌ಟಿ ಇಲ್ಲ. ಬರೀ ಅಂದಕ್ಕಾದರೆ ತೆರಿಗೆ ಇದೆ; 2025ರ ಸೆಪ್ಟೆಂಬರ್‌ವರೆಗೆ ಅದು ಶೇ 18 ಇತ್ತು. ಈ ಗೆರೆ ನ್ಯಾಯವಾದದ್ದೇ. ಆರೋಗ್ಯ ವಿಮೆಯೂ ಇದೇ ಗೆರೆ ಎಳೆಯುತ್ತದೆ, ಅಂದದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಆಗ ಕ್ಲಿನಿಕ್ಕಿನವರು ಕಂತಿನ ಮಾತು ತೆಗೆಯುತ್ತಾರೆ. ಶೇ 18ರ ದರದಲ್ಲಿ ಒಂದು ಲಕ್ಷದ ಬಿಲ್ಲು ತೆರಿಗೆ ಸೇರಿ 1,18,000 ರೂಪಾಯಿ ಆಗುತ್ತಿತ್ತು. ಅದನ್ನು ಶೇ 15ರ ಬಡ್ಡಿಗೆ ಎರಡು ವರ್ಷದ ಸಾಲವಾಗಿ ಪಡೆದರೆ ತಿಂಗಳಿಗೆ ಸುಮಾರು 5,720, ಒಟ್ಟು 1.37 ಲಕ್ಷ. ಸುಕ್ಕು ಮರೆಸುವ ಬೊಟಾಕ್ಸ್ ಸೂಜಿಯ ಖರ್ಚು ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಅದರ ಪರಿಣಾಮ ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ವರ್ಷಕ್ಕೆ ಮೂರರಂತೆ ಇಪ್ಪತ್ತು ವರ್ಷಕ್ಕೆ 60 ಸಲ.

'ನನ್ನ ದೇಹ, ನನ್ನ ದುಡ್ಡು' ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಮೂಗು ತಿದ್ದಿಸಿಕೊಂಡವರನ್ನು ಆಡಿಕೊಳ್ಳುವುದು ಕ್ರೂರತನ. ಏಕೆಂದರೆ ರೂಪಕ್ಕೆ ಸಮಾಜ ನಿಜಕ್ಕೂ ಬೆಲೆ ಕಟ್ಟುತ್ತದೆ. ಅರ್ಥಶಾಸ್ತ್ರಜ್ಞರಾದ ಡೇನಿಯಲ್ ಹ್ಯಾಮರ್‌ಮೆಶ್ ಮತ್ತು ಜೆಫ್ ಬಿಡ್ಲ್ 1994ರಲ್ಲಿ ಅಮೆರಿಕ ಮತ್ತು ಕೆನಡಾದ ಸಮೀಕ್ಷೆಗಳನ್ನು ಜಾಲಾಡಿದಾಗ, ನೋಡಲು ಅಷ್ಟೇನೂ ಚೆನ್ನಾಗಿಲ್ಲ ಅನ್ನಿಸಿಕೊಂಡವರ ಗಳಿಕೆ ಸಾಧಾರಣ ರೂಪದವರಿಗಿಂತ ಶೇ 5ರಿಂದ 10ರಷ್ಟು ಕಡಿಮೆ ಇತ್ತು. ಗಂಡಸರಿಗೂ ಇದು ತಪ್ಪಿರಲಿಲ್ಲ. ಮುಂದೆ ಹ್ಯಾಮರ್‌ಮೆಶ್ ಮತ್ತು ಸಂಗಡಿಗರು ಶಾಂಘೈನ ಮಹಿಳೆಯರ ಲೆಕ್ಕ ನೋಡಿದರು: ಉಡುಪು, ಪ್ರಸಾಧನಕ್ಕೆ ಸುರಿದ ಹಣದಲ್ಲಿ ಸಂಬಳವಾಗಿ ಹಿಂದಿರುಗಿದ್ದು ಅಲ್ಪ ಭಾಗ ಮಾತ್ರ. ರೂಪಕ್ಕೆ ದಂಡ ಹಾಕುವವರು ಬೇರೆ, ಅದನ್ನು ತೀರಿಸಲು ಜೇಬು ಬರಿದು ಮಾಡಿಕೊಳ್ಳುವವರು ಬೇರೆ. ಹಾಗಿರುವಾಗ ಬರೀ ತೀರಿಸುವವರಿಗೆ ಬುದ್ಧಿವಾದ ಹೇಳಿ ಏನು ಬಂತು?

ದಕ್ಷಿಣ ಕೊರಿಯಾ ದಂಡ ಹಾಕುವವರ ಕಡೆ ತಿರುಗಿ ನೋಡಿದೆ. ಅಲ್ಲಿ 2015ರ ಗ್ಯಾಲಪ್ ಸಮೀಕ್ಷೆಯಲ್ಲಿ ಇಪ್ಪತ್ತರ ಹರೆಯದ ಹೆಣ್ಣುಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. 2017ರಲ್ಲಿ ಸರ್ಕಾರಿ ಸಂಸ್ಥೆಗಳು ಉದ್ಯೋಗದ ಅರ್ಜಿಯಿಂದ ಭಾವಚಿತ್ರವನ್ನು ಕೈಬಿಟ್ಟವು. 2019ರ ಜುಲೈನಿಂದ, ಕೆಲಸಕ್ಕೆ ಸಂಬಂಧವಿಲ್ಲದ ಎತ್ತರ, ತೂಕ, ರೂಪದ ವಿವರ ಕೇಳುವ ಕಂಪನಿಗೆ 50 ಲಕ್ಷ ವೋನ್‌ವರೆಗೆ ದಂಡ. ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ನಮ್ಮಲ್ಲಿ ಸ್ವಾಗತಕಾರಿಣಿ, ಸೇಲ್ಸ್ ಹುದ್ದೆಗಳ ಜಾಹೀರಾತು 'ನೋಡಲು ಲಕ್ಷಣವಾಗಿರಬೇಕು' ಎಂದು ರಾಜಾರೋಷವಾಗಿ ಅಚ್ಚಾಗುತ್ತದೆ. ಕರ್ನಾಟಕ ಮೊದಲು ಅಳಿಸಬೇಕಾದ್ದು ಆ ಸಾಲನ್ನು.