ದಿಕ್ಕು ಕಬ್ಬಿಣದ್ದು, ಕಾಲ ಜಿರ್ಕಾನಿನದು

ಶಿವಮೊಗ್ಗದ ಮಲವಗೊಪ್ಪದ ಮೇಲೆ ಹಾದುಹೋಗುವ ಬಿ.ಎಚ್. ರಸ್ತೆ ಭದ್ರಾವತಿ ಮುಟ್ಟಿದರೆ ಅದು ಕಬ್ಬಿಣದ ಊರು. 1918ರಲ್ಲಿ ಹುಟ್ಟಿದ ಕಾರ್ಖಾನೆ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸತೊಡಗಿತು. ಕುಲುಮೆಗೆ ಅದಿರು ಟನ್ನುಗಟ್ಟಲೆ ಬೇಕು. ನೆಲದ ಚರಿತ್ರೆ ಹುಡುಕುವವರಿಗೆ ಕಲ್ಲಿನೊಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಕಣಗಳೇ ಸಾಕು.

ಬಿಸಿ ಶಿಲೆ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುವಾಗ ಈ ಕಣಗಳು ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. 1906ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಬ್ರುನ್ಹೆಸ್, ಲಾವಾದಿಂದ ಸುಟ್ಟ ಜೇಡಿಯಲ್ಲಿ ಇಂದಿನದಕ್ಕೆ ತಿರುಗುಮುರುಗಾದ ದಿಕ್ಕನ್ನು ಕಂಡರು. ನೆಲ ಬಿರಿದು ಜಾರಿದ ಸ್ತರಭಂಗಗಳನ್ನು ಓದಲೂ ಇದೇ ಗುಣ ನೆರವಾಯಿತು. ಬಂಡೆಗಳು ಉಜ್ಜಿ ಜಾರಿದಾಗ ಹೊಸ ಕಾಂತ ಖನಿಜಗಳು ಹುಟ್ಟಿ, ಆಗಿನ ದಿಕ್ಕನ್ನು ದಾಖಲಿಸುತ್ತವೆ. 1999ರ ಭೂಕಂಪದಲ್ಲಿ ಜಾರಿದ ತೈವಾನಿನ ಚೆಲುಂಗ್‌ಪು ಸ್ತರಭಂಗದ ಪುಡಿಯಲ್ಲಿ ಅಂಥ ಗುರುತು ಸಿಕ್ಕಿದೆ.

ಶಿವಮೊಗ್ಗದ ಪೂರ್ವಕ್ಕಿರುವ ಚಿತ್ರದುರ್ಗ ಶಿಯರ್ ವಲಯದ, ಅಂದರೆ ಶಿಲೆಗಳು ಒಂದರ ಪಕ್ಕ ಒಂದು ಜರುಗಿದ ಪಟ್ಟಿಯ, ಕಥೆ ಇನ್ನೂ ಹಳೆಯದು. ಸುಮಾರು 260 ಕೋಟಿ ವರ್ಷಗಳ ಹಿಂದೆ, ನೆಲದಾಳದ ಬಿಸಿಯಲ್ಲಿ, ಇಲ್ಲಿನ ಶಿಲೆ ಬಿರಿಯದೆ ಬಳುಕಿ ಜರುಗಿತು. ಇಲ್ಲಿ ಕೇಳಬೇಕಾದದ್ದು ಕಾಂತಕ್ಷೇತ್ರವನ್ನಲ್ಲ, ಕಣಗಳು ಮಲಗಿರುವ ರೀತಿಯನ್ನು. ಹೊಳೆಯ ಸೆಳವಿಗೆ ಸಿಕ್ಕ ಕಡ್ಡಿಗಳಂತೆ ಅವು ಎಳೆತದ ದಿಕ್ಕಿಗೆ ಸಾಲುಗೂಡುತ್ತವೆ. ಆ ಸಾಲಿನುದ್ದಕ್ಕೂ ಶಿಲೆ ಕಾಂತಕ್ಕೆ ಹೆಚ್ಚು ಸ್ಪಂದಿಸುತ್ತದೆ. ಇದನ್ನು ಶಿಲಾವಿನ್ಯಾಸ ಓದಲು ಬಳಸಬಹುದೆಂದು ಅಮೆರಿಕದ ಜಾನ್ ಗ್ರಹಾಂ 1954ರಲ್ಲಿ ಬರೆದರು. ಬಂಡೆಯಿಂದ ಪುಟ್ಟ ಉರುಳೆ ಕೊರೆದು, ಬೇರೆಬೇರೆ ದಿಕ್ಕಿಗೆ ತಿರುಗಿಸಿ ಅಳೆದರೆ, ಕಣ್ಣಿಗೆ ಸಪಾಟಾಗಿ ಕಾಣುವ ಗ್ರಾನೈಟಿನಲ್ಲೂ ಎಳೆತದ ಜಾಡು ಮೂಡುತ್ತದೆ.

ಆದರೆ ಈ ಜಾಡಿಗೆ ವರ್ಷ ಎಣಿಸಲು ಬಾರದು. ಅದಕ್ಕೆ ಅದೇ ಗ್ರಾನೈಟಿನ ಜಿರ್ಕಾನ್ ಹರಳು ಬೇಕು. ಅದರಲ್ಲಿ ಯುರೇನಿಯಂ ಸೀಸವಾಗುವ ಲೆಕ್ಕದಿಂದ ಶಿಲೆಯ ವಯಸ್ಸು ತಿಳಿಯುತ್ತದೆ. ಗ್ರಾನೈಟಿನ ಕಾಂತವಿನ್ಯಾಸವೂ ಸುತ್ತಲಿನ ಶಿಸ್ಟ್ ಶಿಲೆಯ ವಿನ್ಯಾಸವೂ ಒಂದೇ ದಿಕ್ಕಿಗಿದ್ದು, ಗ್ರಾನೈಟ್ ಪೂರ್ತಿ ಗಟ್ಟಿಯಾಗುವ ಮೊದಲೇ ಆ ಸಾಲು ಮೂಡಿತ್ತೆಂದು ಸೂಕ್ಷ್ಮದರ್ಶಕವೂ ತೋರಿಸಿದರೆ, ಶಿಲಾಪಾಕ ತಣಿಯುವಾಗಲೇ ನೆಲ ಜರುಗುತ್ತಿತ್ತು ಎನ್ನಬಹುದು. ಆಗ ಗ್ರಾನೈಟಿನ ವಯಸ್ಸೇ ಜರುಗಿದ ಕಾಲ.

ಖರಗ್‌ಪುರ ಐಐಟಿಯ ಮನೀಶ್ ಮಮ್ತಾನಿ ಮತ್ತು ತ್ರಿದೀಬ್ ಕುಮಾರ್ ಮಂಡಲ್ 2014ರಲ್ಲಿ ಗದಗ ಸೀಮೆಯ ಶಿಲೆಗಳನ್ನು ಈ ಬಗೆಯಲ್ಲಿ ಓದಿ, ನೆಲದ ಜರುಗಾಟಕ್ಕೂ ಚಿನ್ನ ಕೂಡಿದ ಕಾಲಕ್ಕೂ ಇರುವ ನಂಟನ್ನು ಹುಡುಕಿದರು. ಚಿನ್ನ ಹೊತ್ತ ಬಿಸಿದ್ರವ ಬಿರುಕು ತೆರೆದತ್ತ ಹರಿಯುತ್ತದೆ. ಯಾವ ಜರುಗಾಟ ಯಾವ ಬಿರುಕು ತೆರೆಯಿತೆಂದು ತಿಳಿದವರಿಗೆ, ಚಿನ್ನ ಅಡಗಿರಬಹುದಾದ ಬೆಣಚುಕಲ್ಲಿನ ಎಳೆಗಳನ್ನು ಎಲ್ಲಿ ಕೊರೆಯಬೇಕೆಂಬುದೂ ಹೊಳೆಯುತ್ತದೆ.